ತೆರೆಯ ಮೇಲೆ ಹೊಳೆದ ವಜ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನೆಲ ಕೊಟ್ಟದ್ದು ಹಾಸುಗಲ್ಲು ಮತ್ತು ಸಿಮೆಂಟಿನ ಸುಣ್ಣಕಲ್ಲು, ವಜ್ರವಲ್ಲ. ಆದರೂ ಈ ಸೀಮೆಗೆ ವಜ್ರದ ಮಾತು ಹಳೆಯದು. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮರ ಆಳ್ವಿಕೆಯಿತ್ತು. ಅವರ ರಾಜಧಾನಿಯ ಮಗ್ಗುಲಲ್ಲೇ ಗೋಲ್ಕೊಂಡ. ವಜ್ರದ ಗಣಿಗಳಿದ್ದದ್ದು ಕೃಷ್ಣಾ ತೀರದ ಕೊಲ್ಲೂರಿನಂಥ ಕಡೆ, ಗೋಲ್ಕೊಂಡ ಬರೀ ಪೇಟೆ. ಹೆಸರು ಮಾತ್ರ ಪೇಟೆಗೇ ದಕ್ಕಿತು.

ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1891ರಲ್ಲಿ ಜೇಕಬ್ ಎಂಬ ವ್ಯಾಪಾರಿಯೊಂದಿಗೆ ಕುದುರಿಸಿದ ಸುಮಾರು 185 ಕ್ಯಾರೆಟ್ಟಿನ ವಜ್ರದ ವ್ಯವಹಾರ ಕಲ್ಕತ್ತೆಯ ಕೋರ್ಟು ಹತ್ತಿತು. ಅದೂ ಗೋಲ್ಕೊಂಡದ್ದಲ್ಲ, ದಕ್ಷಿಣ ಆಫ್ರಿಕದ ಕಲ್ಲು. ಮಗ ಉಸ್ಮಾನ್ ಅಲಿ ಖಾನ್‌ಗೆ ಅದು ಸಿಕ್ಕಿದ್ದು ತಂದೆಯ ಪಾದರಕ್ಷೆಯ ಮೂತಿಯಲ್ಲಿ. ಮುಂದೆ ಕಾಗದ ಹಾರದಂತೆ ಮೇಜಿನ ಮೇಲೆ ಕೂತಿತು ಎನ್ನುತ್ತಾರೆ. ವಜ್ರದ ಬಗ್ಗೆ ಇಷ್ಟು ತಾತ್ಸಾರ ಯಾವ ಸಿನಿಮಾದಲ್ಲೂ ಕಾಣದು.

ಸಿನಿಮಾ ವಜ್ರವನ್ನು ಮೆರೆಸಿದ್ದರ ಹಿಂದೆ ವ್ಯಾಪಾರವಿತ್ತು. ಅಮೆರಿಕದಲ್ಲಿ ಆರ್ಥಿಕ ಕುಸಿತ ವಜ್ರದ ಬೇಡಿಕೆಯನ್ನೂ ಕೆಡವಿತ್ತು. ಡಿ ಬಿಯರ್ಸ್ ಎಂಬ ವಜ್ರದ ಕಂಪನಿ 1938ರಲ್ಲಿ ಎನ್.ಡಬ್ಲ್ಯೂ. ಅಯರ್ ಎಂಬ ಜಾಹೀರಾತು ಸಂಸ್ಥೆಯನ್ನು ಹಿಡಿಯಿತು. ತಾರೆಯರ ಮೈಮೇಲೆ ವಜ್ರ ಕಾಣುವಂತೆ, ಚಿತ್ರಗಳಲ್ಲಿ ಮದುವೆಯ ಮಾತಿನೊಂದಿಗೆ ವಜ್ರದುಂಗುರವೂ ಬರುವಂತೆ ಅದು ನೋಡಿಕೊಂಡಿತು. 1953ರಲ್ಲಿ ಮರ್ಲಿನ್ ಮನ್ರೋ ವಜ್ರಗಳನ್ನು ಹಾಡಿ ಹೊಗಳುವ ಹೊತ್ತಿಗೆ ನೆಲ ಹದವಾಗಿತ್ತು.

ಭಾರತದ ತೆರೆಯಲ್ಲಿ ವಜ್ರದ ದಾರಿಯೇ ಬೇರೆ. ಆಮದಿಗೆ ಬಿಗಿ ಕಟ್ಟುಪಾಡುಗಳಿದ್ದ ದಿನಗಳಲ್ಲಿ ಕಳ್ಳಸಾಗಣೆದಾರನೇ ಸಿನಿಮಾಕ್ಕೆ ಒದಗಿದ ಖಳ. ಜೇಬಿನ ಮೂಲೆಯಲ್ಲಿ ಕೋಟಿ ಬಚ್ಚಿಡಬಹುದಾದ ವಜ್ರ ಅವನಿಗೆ ಹೇಳಿ ಮಾಡಿಸಿದ ಸರಕು. ಹಿಂದಿಯ ‘ವಿಕ್ಟೋರಿಯಾ ನಂ. 203’ (1972) ಚಿತ್ರದ ಓಡಾಟವೆಲ್ಲ ಕುದುರೆಗಾಡಿಯಲ್ಲಿ ಅಡಗಿದ ವಜ್ರಗಳಿಗಾಗಿ. ಕನ್ನಡದಲ್ಲಿ ದೊರೈ–ಭಗವಾನ್ ಜೋಡಿ 1968ರ ‘ಜೇಡರ ಬಲೆ’ಯಿಂದ ಶುರುಮಾಡಿದ ಸಿಐಡಿ 999 ಸರಣಿಯ ನಾಲ್ಕನೆಯ ಚಿತ್ರ ‘ಆಪರೇಷನ್ ಡೈಮಂಡ್ ರಾಕೆಟ್’ (1978), ಪತ್ತೇದಾರ ರಾಜ್‌ಕುಮಾರ್. ಇಲ್ಲಿ ವಜ್ರ ಬೆನ್ನಟ್ಟುವ ವಸ್ತು, ಬೆರಳಿಗೆ ತೊಡಿಸುವ ಒಲವಿನ ಗುರುತಲ್ಲ. ಸೇಡಂ–ಚಿಂಚೋಳಿ ಸೀಮೆಯ ಮದುವೆಗಳಲ್ಲಿ ಬೋರಮಾಳದಂಥ ಚಿನ್ನದ ಒಡವೆ ತನ್ನ ಜಾಗ ಬಿಟ್ಟುಕೊಡದಿರಲು ಇದೂ ಒಂದು ಕಾರಣವಿರಬೇಕು. ಕಷ್ಟಕಾಲದಲ್ಲಿ ಒತ್ತೆಯಿಡಲು ಚಿನ್ನವೇ ಸಲೀಸು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ತಾರೆಯ ಮೂಲಕ ವಜ್ರ ಮಾರುವ ಅಯರ್ ತಂತ್ರ ಇಲ್ಲಿಗೆ ಬಲವಾಗಿ ಬಂದದ್ದು ಈ ಶತಮಾನದ ಆರಂಭದಲ್ಲಿ. ‘ನಕ್ಷತ್ರ’ ಒಡವೆಗಳ ಮುಖವಾದವರು ಮಂಗಳೂರು ಮೂಲದ ಐಶ್ವರ್ಯಾ ರೈ. 2006ರಲ್ಲಿ ಹಾಲಿವುಡ್‌ನ ‘ಬ್ಲಡ್ ಡೈಮಂಡ್’ ಬಂದು, ಸಿಯೆರಾ ಲಿಯೋನ್‌ನ ಅಂತರ್ಯುದ್ಧಕ್ಕೆ ವಜ್ರದ ಹಣ ಹರಿದದ್ದನ್ನು ತೋರಿಸಿತು. ಸಿನಿಮಾದಿಂದಲೇ ಬೆಳೆದ ವ್ಯಾಪಾರ, ಆ ಒಂದು ಸಿನಿಮಾಕ್ಕೆ ಉತ್ತರ ಹೇಳಲು ಪ್ರಚಾರಕ್ಕೆ ದುಡ್ಡು ಸುರಿಯಬೇಕಾಯಿತು.