ಬೆಲೆಗಿಂತ ಮೊದಲು ಲೇಬಲ್ ಓದಿ

ಮುಂಬಯಿ: ಬಾರ್, ಹೋಟೆಲ್ ಉದ್ಯಮದಲ್ಲಿ ತುಳು-ಕನ್ನಡಿಗರು ಬಹಳ ಮಂದಿ ಇರುವ ಈ ಮಹಾನಗರದಲ್ಲಿ, "ಕಡಿಮೆ ಬೆಲೆಗೆ ಒಳ್ಳೆಯ ವಿಸ್ಕಿ ಯಾವುದು?" ಎಂದು ಬಂಧುಮಿತ್ರರು ಕೇಳುವುದುಂಟು. ಉತ್ತರ ಲೇಬಲಿನಲ್ಲಿದೆ. ಅಗ್ಗದ ದೇಶೀಯ ವಿಸ್ಕಿಗಳಲ್ಲಿ ಹಲವು ಕಬ್ಬಿನ ಕಾಕಂಬಿಯ ಮದ್ಯಸಾರದಿಂದ ತಯಾರಾಗುತ್ತವೆ. ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿ ಮಾಲ್ಟಿನಿಂದಲೇ ತಯಾರಾದುದು ಸಿಂಗಲ್ ಮಾಲ್ಟ್. ಬೆಂಗಳೂರಿನ ಅಮೃತ್ ಸಂಸ್ಥೆ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಗೊಳಿಸಿದ್ದು ಕನ್ನಡಿಗರಿಗೆ ಅಭಿಮಾನದ ವಿಷಯ. ಆದರೆ ಅದು ತುಸು ದುಬಾರಿ.

ಹೊಸ ಬ್ರಾಂಡಾದರೆ ಮೊದಲು 180 ಮಿ.ಲೀ. ಮಾತ್ರ ಕೊಳ್ಳಿ. ಮೂಸಿ ನೋಡಿ, ಕೆಲವು ಹನಿ ನೀರು ಬೆರೆಸಿ, ನಿಧಾನವಾಗಿ ಗುಟುಕರಿಸಿ. ಹಿಡಿಸಿದರಷ್ಟೇ ದೊಡ್ಡ ಬಾಟಲಿ.

ಮಹಾರಾಷ್ಟ್ರದಲ್ಲಿ ವಿಸ್ಕಿ ಸೇವನೆಗೆ 25 ವರ್ಷ ತುಂಬಿರಬೇಕು, ಪರವಾನಿಗೆಯೂ ಬೇಕು. ಊರಿಂದ ಬರುವಾಗ ಬಾಟಲಿ ತರುವ ಆಸೆ ಬೇಡ. ಅಬಕಾರಿಯವರ ಕೈಗೆ ಸಿಕ್ಕರೆ ಉಳಿಸಿದ ಹಣಕ್ಕಿಂತ ಮರ್ಯಾದೆಯೇ ಹೆಚ್ಚು ಹೋದೀತು.