ನಾಯಿ ಕಲಿಸಿದ ಪಾಠ

ದಾರಿ ತಪ್ಪಿದ ಹುಡುಗನನ್ನು ಕಂಡರೆ, ‘ನಾಯಿ ಬಾಲ ಯಾವತ್ತೂ ಡೊಂಕು’ ಅಂತ ಕೈಬಿಡುತ್ತೇವೆ. ಆದರೆ ನಾಯಿ ಸಾಕಿಯೇ ತಿದ್ದಿಕೊಂಡ ಹುಡುಗರೂ ಇದ್ದಾರೆ, ಕೇಳಿ.

ಅಮೆರಿಕಾದ ಆರೆಗಾನ್ ರಾಜ್ಯದ ವುಡ್‌ಬರ್ನ್ ಊರಿನಲ್ಲಿ, ಅಪರಾಧ ಮಾಡಿದ ಹುಡುಗರನ್ನಿಟ್ಟು ತಿದ್ದುವ ಮ್ಯಾಕ್ಲಾರೆನ್ ಎಂಬ ಬಂದೀಖಾನೆಯಿದೆ. ಅಲ್ಲಿನ ಶಾಲೆಯ ಜೋನ್ ಡಾಲ್ಟನ್ ಎಂಬಾಕೆ 1993ರಲ್ಲಿ ಆ ಹುಡುಗರ ಕೈಗೆ ನಾಯಿಗಳನ್ನು ಒಪ್ಪಿಸಿದರು. ಅವೂ ಯಾರಿಗೂ ಬೇಡವಾಗಿ ಉಳಿದ ನಾಯಿಗಳೇ.

ಹೊತ್ತಿಗೆ ಸರಿಯಾಗಿ ಊಟ ಇಡಬೇಕು, ಮೈ ತೊಳೆಯಬೇಕು, ಮಾತು ಕೇಳೋದು ಕಲಿಸಬೇಕು. ಕೂಗಾಡಿದರೆ ನಾಯಿ ಮೂಲೆ ಸೇರುತ್ತೆ. ಮೆತ್ತಗೆ ಕರೆದರೆ ಬಾಲ ಆಡಿಸುತ್ತಾ ಬರುತ್ತೆ. ಹೀಗಾಗಿ ನಾಯಿಗೆ ಕಲಿಸುವವನು ಮೊದಲು ತನ್ನ ಸಿಟ್ಟನ್ನು ಹಿಡಿಯೋದು ಕಲಿಯಬೇಕು. ‘ನೀನೇನು ತಪ್ಪು ಮಾಡಿದೆ?’ ಅಂತ ನಾಯಿ ಕೇಳೋದಿಲ್ಲ. ಕೊನೆಗೆ ಪಳಗಿದ ನಾಯಿ ಬೇರೊಂದು ಮನೆ ಸೇರುತ್ತೆ. ಸಾಕಿದವನಿಗೆ ಕಣ್ಣು ತುಂಬಿ ಬಂದೀತು; ಆದರೂ ತನ್ನಿಂದ ಒಂದು ಜೀವಕ್ಕೆ ಒಳ್ಳೇದಾಯಿತು ಎಂಬ ಧೈರ್ಯ ಅವನಲ್ಲಿ ಉಳಿಯುತ್ತೆ.

ನಿಮ್ಮ ಮನೆಯಲ್ಲೂ ಮಾತುಬಿಟ್ಟು ಮುದುಡಿ ಕೂತ ಮಗನೋ ಮಗಳೋ ಇದ್ದರೆ, ಅವರಿಗೆ ಇಷ್ಟವಿದ್ದರೆ, ಮನೆ ನಾಯಿಯ ಹೊಣೆ ಒಪ್ಪಿಸಿ ನೋಡಿ. ಮೊದಮೊದಲು ದೊಡ್ಡವರು ಜೊತೆಗಿರಿ. ಮೂಕ ಪ್ರಾಣಿಯನ್ನು ಹೊಡೆಯಲು ಬಿಡಬೇಡಿ. ನಾಯಿಗೆ ಹುಚ್ಚುರೋಗದ ಚುಚ್ಚುಮದ್ದು ತಪ್ಪದೆ ಹಾಕಿಸಿ. ಮಕ್ಕಳು ಊಟ ನಿದ್ದೆ ಬಿಟ್ಟು ಕೊರಗುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ನಾಯಿ ಒಳ್ಳೆಯ ಜೊತೆಗಾರ, ವೈದ್ಯನಲ್ಲ.