ಟ್ಯಾಂಕ್ ಉಡೀಸ್ ಆಗಿದ್ದು ಎಷ್ಟು?

ಗಡಿಯಲ್ಲಿ ಬಿಸಿ ಏರಿದ್ದ ಒಂದು ರಾತ್ರಿ. ಹನ್ನೊಂದೂವರೆ ಬುಲೆಟಿನ್. ನನ್ನ ಹಿಂದಿನ ದೊಡ್ಡ ಸ್ಕ್ರೀನ್ ಮೇಲೆ ಗ್ರಾಫಿಕ್ಸ್ ವಿಮಾನಗಳು ಹಾರುತ್ತಿವೆ, ಗ್ರಾಫಿಕ್ಸ್ ಟ್ಯಾಂಕುಗಳು ಸಿಡಿಯುತ್ತಿವೆ. ಕಿವಿಯಲ್ಲಿ ಪ್ರೊಡ್ಯೂಸರ್ ಧ್ವನಿ: "ನಂಬರ್ ಹೇಳಿ ಸಾರ್, ನಂಬರ್ ಹೇಳಿ!" ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಬೆಳಗಾಗುವಷ್ಟರಲ್ಲಿ ಆ ನಂಬರ್ ಅರ್ಧಕ್ಕೆ ಇಳಿಯಿತು, ಸಂಜೆ ಹೊತ್ತಿಗೆ ಅದರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎಂಜಿನಿಯರಿಂಗ್ ಓದುವಾಗ ಲ್ಯಾಬ್‌ನಲ್ಲಿ ಒಂದು ರೀಡಿಂಗ್ ತೆಗೆದರೆ ಅದರಲ್ಲಿ ಎಷ್ಟು ತಪ್ಪಿರಬಹುದು ಅಂತಲೂ ಬರೆಯಬೇಕಿತ್ತು. ಬರೆಯದಿದ್ದರೆ ರೆಕಾರ್ಡ್ ಬುಕ್ ನೇರ ಮುಖಕ್ಕೆ ಬರುತ್ತಿತ್ತು. ಸ್ಟುಡಿಯೊದಲ್ಲಿ ಆ ಕಾಟ ಇಲ್ಲ ನೋಡಿ.

ಆಮೇಲೆ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದರು. "ಸಾರ್, ಅಷ್ಟು ಸ್ಪೀಡಲ್ಲಿ ಹೋಗೋ ಪೈಲಟ್‌ಗೆ ಕೆಳಗಿರೋ ಟ್ಯಾಂಕ್ ಹಾಳಾಯ್ತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?" ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದವನು ಎರಡನೇ ಮಹಾಯುದ್ಧದ ಒಂದು ದಿನಕ್ಕೆ ಬಂದು ನಿಂತೆ. 7 ಆಗಸ್ಟ್ 1944. ಜಾಗ ಫ್ರಾನ್ಸ್‌ನ ನಾರ್ಮಂಡಿ, ಮೊರ್ತೇನ್ ಅನ್ನೋ ಪುಟ್ಟ ಊರು.

ಆ ಹೊತ್ತಿಗೆ ಮಿತ್ರ ಸೇನೆ ನಾರ್ಮಂಡಿ ತೀರಕ್ಕೆ ಇಳಿದು ಎರಡು ತಿಂಗಳಾಗಿದೆ. ಅಮೆರಿಕದ ಜನರಲ್ ಪ್ಯಾಟನ್ ಅವರ ಸೇನೆ ಅವ್ರಾಂಶ್ ಪಟ್ಟಣದ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಿ ಫ್ರಾನ್ಸ್‌ನ ಒಳಕ್ಕೆ ಹರಡುತ್ತಿದೆ. ಆ ಕುತ್ತಿಗೆಯನ್ನೇ ಕತ್ತರಿಸಿ ಅಂತ ಹಿಟ್ಲರ್ ಆದೇಶ. ಆಗಸ್ಟ್ 6ರ ಮಧ್ಯರಾತ್ರಿ ದಾಟಿದ ಮೇಲೆ ಜರ್ಮನ್ ಪ್ಯಾಂಜರ್ ಡಿವಿಷನ್‌ಗಳು ಮೊರ್ತೇನ್ ಕಡೆ ನುಗ್ಗಿದವು. ಎದುರಿಗಿದ್ದದ್ದು ಅಮೆರಿಕದ 30ನೇ ಇನ್‌ಫೆಂಟ್ರಿ ಡಿವಿಷನ್. ಬೆಳಿಗ್ಗೆ ದಟ್ಟ ಮಂಜು. ವಿಮಾನ ಹಾರುವ ಮಾತೇ ಇಲ್ಲ. ಆ ಮಂಜಿನೊಳಗೇ ಕಾಲಾಳುಗಳು, ಅವರ ಹಿಂದಿದ್ದ ಟ್ಯಾಂಕ್ ನಿರೋಧಕ ತೋಪುಗಳು ಕೆಲವೇ ಮೀಟರ್ ದೂರದಲ್ಲಿ ಪ್ಯಾಂಥರ್ ಟ್ಯಾಂಕುಗಳ ಎದುರು ನಿಂತು ಹೊಡೆದಾಡಿದವು. ಈ ಬೆಳಗಿನ ಹೊತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತು. ಅಲ್ಲಿಂದ ಶುರು ಟೈಫೂನ್‌ಗಳ ದಿನ.

ಹಾಕರ್ ಟೈಫೂನ್ ಬ್ರಿಟನ್ನಿನ ಒಂಟಿ ಸೀಟಿನ ಫೈಟರ್-ಬಾಂಬರ್. ಮೂಗಿನಲ್ಲಿ 24 ಸಿಲಿಂಡರ್‌ನ ನೇಪಿಯರ್ ಸೇಬರ್ ಎಂಜಿನ್, 2000 ಹಾರ್ಸ್‌ಪವರ್‌ಗಿಂತ ಜಾಸ್ತಿ. ರೆಕ್ಕೆಯಲ್ಲಿ ನಾಲ್ಕು 20 ಎಂಎಂ ತೋಪು, ರೆಕ್ಕೆಯ ಕೆಳಗೆ ಎಂಟು ರಾಕೆಟ್. ಒಂದೊಂದರ ತಲೆಯಲ್ಲಿ 60 ಪೌಂಡ್, ಅಂದರೆ ಸುಮಾರು 27 ಕೆಜಿ ಸಿಡಿತಲೆ. ಈ ವಿಮಾನಗಳು ನಿಂತಿದ್ದದ್ದು ಇಂಗ್ಲೆಂಡಿನಲ್ಲಲ್ಲ, ನಾರ್ಮಂಡಿಯ ಹೊಲಗಳನ್ನೇ ಸಮತಟ್ಟು ಮಾಡಿ ಮಾಡಿಕೊಂಡ ಕಚ್ಚಾ ಏರ್‌ಸ್ಟ್ರಿಪ್‌ಗಳಲ್ಲಿ. ಅಲ್ಲಿನ ಧೂಳು ಎಂಥದ್ದು ಅಂದರೆ ಸೇಬರ್ ಎಂಜಿನ್‌ನ ಒಳಗೆ ಸೇರಿ ಸವೆಸಿಬಿಡುತ್ತಿತ್ತು. ಅದಕ್ಕಾಗಿಯೇ ತರಾತುರಿಯಲ್ಲಿ ಫಿಲ್ಟರ್ ಮಾಡಿ ಕೂರಿಸಬೇಕಾಯ್ತು. ಯುದ್ಧದ ಸಿನಿಮಾಗಳಲ್ಲಿ ಈ ಏರ್ ಫಿಲ್ಟರ್ ಕಥೆ ಬರಲ್ಲ. ನನಗೆ ಮಾತ್ರ ಇಂಥದ್ದೇ ಇಷ್ಟ.

ಮಿತ್ರ ಸೇನೆಯವರು ಕೆಲಸ ಹಂಚಿಕೊಂಡರು. ಟ್ಯಾಂಕ್ ಹೊಡೆಯುವುದು ಟೈಫೂನ್‌ಗಳ ಪಾಲು, ಜರ್ಮನ್ ವಿಮಾನಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು ಮುಖ್ಯವಾಗಿ ಅಮೆರಿಕನ್ನರ ಪಾಲು. ಜರ್ಮನ್ ಸೈನಿಕರಿಗೆ ಅವರ ವಾಯುಪಡೆ ಕೊಟ್ಟಿದ್ದ ಭರವಸೆ ಭರವಸೆಯಾಗಿಯೇ ಉಳಿಯಿತು. 121 ವಿಂಗ್‌ನ 174, 175, 245ನೇ ಸ್ಕ್ವಾಡ್ರನ್‌ಗಳು ಸೇರಿ ಒಂದರ ಹಿಂದೆ ಒಂದು ತಂಡ ಹಾರಿತು. ಹೋಗೋದು, ಡೈವ್ ಹೊಡೆಯೋದು, ಎಂಟೂ ರಾಕೆಟ್ ಖಾಲಿ ಮಾಡೋದು, ವಾಪಸ್ ಬರೋದು. ನೆಲದ ಸಿಬ್ಬಂದಿ ಪೆಟ್ರೋಲ್ ತುಂಬಿ, ರಾಕೆಟ್ ಜೋಡಿಸಿ ಮತ್ತೆ ಕಳಿಸೋದು. ನಮ್ಮ ಮೆಜೆಸ್ಟಿಕ್‌ನಲ್ಲಿ ಶಟಲ್ ಬಸ್ ಓಡಿದ ಹಾಗೆ. ಸಂಜೆಯೊಳಗೆ ಟೈಫೂನ್‌ಗಳು ಮೊರ್ತೇನ್ ಸುತ್ತ 294 ಬಾರಿ ಹಾರಿದ್ದವು.

ಈ ಮಧ್ಯೆ ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. ಬ್ರಿಟಿಷ್ ವಾಯುಪಡೆಯಲ್ಲಿ ದೇಣಿಗೆ ಕೊಟ್ಟ ನಾಡುಗಳ ಹೆಸರು ಹೊತ್ತ ಸ್ಕ್ವಾಡ್ರನ್‌ಗಳಿದ್ದವು. ಅದರಲ್ಲಿ 129ನೆಯದರ ಹೆಸರು ಮೈಸೂರು ಸ್ಕ್ವಾಡ್ರನ್. ಅದರ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ! ಅವರು ಓಡಿಸುತ್ತಿದ್ದದ್ದು ಟೈಫೂನ್ ಅಲ್ಲ, ಮಸ್ಟಾಂಗ್. ಆ ಬೇಸಿಗೆಯಲ್ಲಿ ನಾರ್ಮಂಡಿ ಕಾರ್ಯಾಚರಣೆ ಮುಗಿಸಿ, ಇಂಗ್ಲೆಂಡಿನ ಮೇಲೆ ಬೀಳುತ್ತಿದ್ದ ಜರ್ಮನ್ ಹಾರುವ ಬಾಂಬುಗಳ ಬೆನ್ನು ಹತ್ತಿದ್ದರು. ಇರಲಿ, ಮೊರ್ತೇನ್‌ಗೆ ವಾಪಸ್ ಬರೋಣ.

ವಾಪಸಾದ ಪ್ರತಿ ಪೈಲಟ್‌ನ ಮುಂದೆ ಒಬ್ಬ ಗುಪ್ತಚರ ಅಧಿಕಾರಿ ಕೂತು ಕೇಳುತ್ತಾನೆ: ಏನು ಕಂಡಿರಿ, ಎಷ್ಟು ಹೊಡೆದಿರಿ? ಆ ಉತ್ತರಗಳ ಮೊತ್ತವೇ 'ಕ್ಲೇಮ್'. ಆಗಸ್ಟ್ 7ರಿಂದ 10ರವರೆಗೆ ಬ್ರಿಟಿಷ್ ಕಡೆಯ ಕ್ಲೇಮ್: 84 ಟ್ಯಾಂಕ್ ನಾಶ, 35 ಬಹುಶಃ ನಾಶ, 21ಕ್ಕೆ ಹಾನಿ. ಅಮೆರಿಕನ್ ವಿಮಾನಗಳದ್ದು: 69 ನಾಶ, 8 ಬಹುಶಃ, 35ಕ್ಕೆ ಹಾನಿ. ಎಲ್ಲ ಕೂಡಿಸಿದರೆ 252.

ಜರ್ಮನರು ಹಿಂದೆ ಸರಿದ ಮೇಲೆ ಬ್ರಿಟಿಷ್ ಸೇನೆಯ 2ನೇ ಆಪರೇಷನಲ್ ರಿಸರ್ಚ್ ಸೆಕ್ಷನ್‌ನವರು ಆ ಹೊಲಗಳಿಗೆ ಇಳಿದರು. ಆಪರೇಷನಲ್ ರಿಸರ್ಚ್ ಅಂದರೆ ಯುದ್ಧದ ಲೆಕ್ಕವನ್ನು ವಿಜ್ಞಾನದ ರೀತಿಯಲ್ಲಿ ನೋಡುವ ವಿಭಾಗ. ಅವರು ನಡೆದುಕೊಂಡು ಹೋಗಿ ಒಂದೊಂದು ಟ್ಯಾಂಕ್‌ನ ಪಕ್ಕ ನಿಂತು, ತೂತು ಎಲ್ಲಿದೆ, ಎಷ್ಟು ದೊಡ್ಡದು, ಒಳಗಿಂದ ಸುಟ್ಟಿದೆಯಾ, ಪಕ್ಕದಲ್ಲಿ ರಾಕೆಟ್ ಗುಂಡಿ ಇದೆಯಾ ಅಂತ ನೋಡಿದರು. ಟ್ಯಾಂಕುಗಳು ಮತ್ತು ಟ್ಯಾಂಕಿನಂಥ ಸ್ವಯಂಚಾಲಿತ ತೋಪುಗಳು ಸೇರಿ ಅವರಿಗೆ ಸಿಕ್ಕಿದ್ದು 46. ಅದರಲ್ಲಿ ರಾಕೆಟ್‌ಗೆ ಬಲಿಯಾದದ್ದು 7. ಬಾಂಬ್‌ಗೆ 2.

ಒಟ್ಟು ಒಂಬತ್ತು. ಮೇಲಿಂದ 153 'ನಾಶ' ಅಂತ ಬರೆಸಿದ್ದಕ್ಕೆ ಕೆಳಗೆ ಸಿಕ್ಕಿದ್ದು ಒಂಬತ್ತು.

ಹಾಗಾದರೆ ಪೈಲಟ್‌ಗಳು ಸುಳ್ಳು ಹೇಳಿದರಾ? ಇಲ್ಲ. ಇದನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳ್ತೀನಿ, ಇಲ್ಲ. ನಾರ್ಮಂಡಿಯ ನುವಾಯೆ-ಬೊಕಾಜ್‌ನಲ್ಲಿ ಆ ಹೋರಾಟದಲ್ಲಿ ಸತ್ತ ಟೈಫೂನ್ ಪೈಲಟ್‌ಗಳ ಸ್ಮಾರಕ ಇದೆ. ಅದರ ಮೇಲೆ 151 ಹೆಸರುಗಳಿವೆ. ನೆಲದಿಂದ ಬರುವ ಗುಂಡಿನ ಮಳೆಗೆ ಮೂಗು ಕೊಟ್ಟು ಡೈವ್ ಹೊಡೆದವರು ಅವರು. ತಪ್ಪು ಅವರ ಪ್ರಾಮಾಣಿಕತೆಯದ್ದಲ್ಲ, ಕಣ್ಣಿನದ್ದು ಮತ್ತು ರಾಕೆಟ್‌ನದ್ದು.

ಸ್ವಲ್ಪ ಲೆಕ್ಕ ಮಾಡೋಣ ಬನ್ನಿ. ಟೈಫೂನ್ ಡೈವ್‌ನಲ್ಲಿ ಗಂಟೆಗೆ 640 ಕಿಲೋಮೀಟರ್ ವೇಗದಲ್ಲಿದೆ ಅಂದುಕೊಳ್ಳಿ. ಸೆಕೆಂಡಿಗೆ 178 ಮೀಟರ್. ಸುಮಾರು 900 ಮೀಟರ್ ದೂರದಲ್ಲಿ ರಾಕೆಟ್ ಬಿಟ್ಟರೆ ನೆಲಕ್ಕೂ ಪೈಲಟ್‌ಗೂ ಇರುವ ಅಂತರ ಐದೇ ಸೆಕೆಂಡ್. ಅಷ್ಟರೊಳಗೆ ಆತ ವಿಮಾನವನ್ನು ಮೇಲಕ್ಕೆ ಎಳೆಯಲೇಬೇಕು. ರಾಕೆಟ್ ಬಡಿದ ಜಾಗ ನೋಡೋಣ ಅಂದರೆ ಅಷ್ಟರಲ್ಲಿ ಅದು ಬಾಲದ ಹಿಂದೆ, ಹೊಗೆ ಮತ್ತು ಧೂಳಿನೊಳಗೆ. ಹೊಗೆ ಎದ್ದಿದೆ, ಬೆಂಕಿ ಕಂಡಿದೆ. ಅದು ಟ್ಯಾಂಕಾ, ಪಕ್ಕದ ಲಾರಿಯಾ, ಹುಲ್ಲಿನ ಬಣವೆಯಾ? ಹಿಂದೆ ಬಂದ ನಾಲ್ವರೂ ಅದೇ ಹೊಗೆಗೆ ಮತ್ತೆ ಹೊಡೆದು, ಅದೇ ಟ್ಯಾಂಕನ್ನು ನಾಲ್ಕು ಸಲ ಲೆಕ್ಕಕ್ಕೆ ಬರೆಸಿದರೆ? ಬೆಳಿಗ್ಗೆಯೇ ಸತ್ತುಹೋಗಿದ್ದ ಟ್ಯಾಂಕ್ ಮಧ್ಯಾಹ್ನ ಇನ್ನೊಮ್ಮೆ 'ಸತ್ತರೆ'?

ಇನ್ನು ರಾಕೆಟ್. ಅದಕ್ಕೆ ದಾರಿ ತೋರಿಸುವ ಯಂತ್ರ ಇಲ್ಲ, ಬಾಲದಲ್ಲಿ ರೆಕ್ಕೆ ಮಾತ್ರ. ಬಿಡುವ ಕ್ಷಣದಲ್ಲಿ ವಿಮಾನ ಒಂದಿಷ್ಟು ಪಕ್ಕಕ್ಕೆ ಜಾರಿದ್ದರೂ ರಾಕೆಟ್ ಗಾಳಿ ಬಂದ ಕಡೆಗೆ ಮೂಗು ತಿರುಗಿಸಿಬಿಡುತ್ತೆ. ಪ್ಯಾಂಥರ್ ಟ್ಯಾಂಕ್ ಸುಮಾರು ಏಳು ಮೀಟರ್ ಉದ್ದ, ಮೂರು ಚಿಲ್ಲರೆ ಮೀಟರ್ ಅಗಲ. ನಮ್ಮ ಬಿಎಂಟಿಸಿ ಬಸ್ಸಿಗಿಂತ ಗಿಡ್ಡ. ಒಂದು ಪರೀಕ್ಷೆಯನ್ನೂ ಮಾಡಿದ್ದರು. ಸೆರೆ ಸಿಕ್ಕ ಪ್ಯಾಂಥರ್ ಒಂದನ್ನು ಬಯಲಲ್ಲಿ ಎಲ್ಲರಿಗೂ ಕಾಣೋ ಹಾಗೆ ನಿಲ್ಲಿಸಿ, ನಾಲ್ಕು ಟೈಫೂನ್‌ಗಳು 64 ರಾಕೆಟ್ ಹೊಡೆದವು. ತಗುಲಿದ್ದು ಮೂರು. ಅಂದರೆ ಒಂದು ವಿಮಾನದ ಎಂಟು ರಾಕೆಟ್‌ಗೆ ಸರಾಸರಿ ಅರ್ಧ ಏಟೂ ಬೀಳಲಿಲ್ಲ. ಅದೂ ಟ್ಯಾಂಕ್ ಅಲ್ಲಾಡದೆ ನಿಂತಿರುವಾಗ, ಯಾರೂ ತಿರುಗಿ ಗುಂಡು ಹಾರಿಸದಿರುವಾಗ.

ಇಲ್ಲಿಗೆ ಕಥೆ ಮುಗಿಸಿ 'ವಿಮಾನದಿಂದ ಏನೂ ಆಗಲಿಲ್ಲ' ಅಂದರೆ ಅದು ಇನ್ನೊಂದು ಸುಳ್ಳು. ಯಾಕಂದರೆ ಜರ್ಮನ್ ದಾಳಿ ಆ ಮಧ್ಯಾಹ್ನ ನಿಂತಿದ್ದು ನಿಜ. ವಿಮಾನಗಳೇ ನಮ್ಮನ್ನು ತಡೆದವು ಅಂತ ಯುದ್ಧದ ನಂತರ ಜರ್ಮನ್ ಸೇನಾಧಿಕಾರಿಗಳೇ ಬರೆದರು. ಹೇಗೆ? ಟೈಫೂನ್ ತಲೆ ಮೇಲೆ ಬಂದರೆ ಟ್ಯಾಂಕುಗಳು ರಸ್ತೆ ಬಿಟ್ಟು ಬೇಲಿ, ತೋಪುಗಳೊಳಗೆ ನುಗ್ಗಿ ಅಡಗುತ್ತಿದ್ದವು. ಅವುಗಳ ಹಿಂದೆ ಡೀಸೆಲ್ ಅಲ್ಲ, ಪೆಟ್ರೋಲ್ ಹೊತ್ತ ಲಾರಿಗಳು. ಪ್ಯಾಂಥರ್ ಕುಡಿಯುತ್ತಿದ್ದದ್ದು ಪೆಟ್ರೋಲ್. ಲಾರಿಗೆ ಉಕ್ಕಿನ ಕವಚ ಇರಲ್ಲ, ತೋಪಿನ ಗುಂಡೇ ಸಾಕು. ಕೆಲವು ಸಿಬ್ಬಂದಿ ಟ್ಯಾಂಕ್ ಬಿಟ್ಟು ಹೋಗಿದ್ದರು. ಕೆಲವರು ತಮ್ಮ ಟ್ಯಾಂಕನ್ನು ತಾವೇ ಒಡೆದು ಹೋಗಿದ್ದರು. ಎಣಿಸಿದವರಿಗೆ ಇಂಥವೂ ಸಿಕ್ಕವು. ಆ ಭಯವನ್ನು ಯಾವ ಕಾಲಂನಲ್ಲಿ ಬರೀತೀರಿ? 'ನಾಶ' ಅನ್ನೋ ಕಾಲಂನಲ್ಲಂತೂ ಅಲ್ಲ.

ಈಗ ಬೆಳಗಿನ ಮಂಜಿಗೆ ಬರೋಣ. ಆ 46ರಲ್ಲಿ ದೊಡ್ಡ ಪಾಲು ಬಿದ್ದಿದ್ದು ನೆಲದ ಮೇಲಿದ್ದ ಅಮೆರಿಕನ್ ಸೈನಿಕರ ತೋಪುಗಳಿಗೆ. ಸಾಂ-ಬಾರ್ತೆಲೆಮಿ ಹಳ್ಳಿಯ ಹೊಲಗಳಲ್ಲಿ, ವಿಮಾನ ಬರುವುದಕ್ಕೆ ಮೊದಲೇ, ಕಣ್ಣಳತೆಯಲ್ಲಿ ಪ್ಯಾಂಥರ್ ನಿಲ್ಲಿಸಿದವರು ಅವರು. 314 ಅನ್ನೋ ಗುಡ್ಡದ ಮೇಲೆ ಅವರದೇ ಡಿವಿಷನ್‌ನ ಸುಮಾರು 700 ಜನ ಸುತ್ತುವರಿಯಲ್ಪಟ್ಟೂ ಆಗಸ್ಟ್ 12ರವರೆಗೆ ಜಗ್ಗದೆ ಕೂತಿದ್ದರು. ಮಧ್ಯಾಹ್ನ ಬಂದ ಟೈಫೂನ್‌ಗಳು ಗುರುತು ಸಿಗದೆ ಈ ಅಮೆರಿಕನ್ನರ ಮೇಲೂ ರಾಕೆಟ್ ಬಿಟ್ಟಿದ್ದುಂಟು. ಪತ್ರಿಕೆಗಳಲ್ಲಿ ಮಿಂಚಿದ್ದು ಮಾತ್ರ ಟೈಫೂನ್. ತಪ್ಪು ನಂಬರ್ ಅಂದರೆ ಬರೀ ಗಣಿತದ ತಪ್ಪು ಅಂತ ನಾನೂ ಅಂದುಕೊಂಡಿದ್ದೆ. ಯಾರದೋ ಪ್ರಾಣದ ಬೆಲೆಯನ್ನು ಇನ್ಯಾರದೋ ಖಾತೆಗೆ ಜಮಾ ಮಾಡಿದ ಹಾಗೆ ಅದು.

"ಹಾಗಾದರೆ ನಮ್ಮ ಲೋಂಗೆವಾಲ?" ಅಂತ ನೀವು ಕೇಳೇ ಕೇಳ್ತೀರಿ. 'ಬಾರ್ಡರ್' ಸಿನಿಮಾ ನೋಡಿದವರಲ್ಲವೇ! 5 ಡಿಸೆಂಬರ್ 1971. ಜೈಸಲ್ಮೇರ್‌ನಿಂದ ಹಾರಿದ ಬೆರಳೆಣಿಕೆಯ ಹಂಟರ್ ವಿಮಾನಗಳು ಬೆಳಕು ಹರಿದ ಮೇಲೆ ಪಾಕಿಸ್ತಾನದ ಟ್ಯಾಂಕುಗಳ ಮೇಲೆ ಎರಗಿದವು. ಅಲ್ಲಿ ನಾರ್ಮಂಡಿಯ ಬೇಲಿ ಇಲ್ಲ, ತೋಪಿಲ್ಲ, ಬರೀ ಮರಳು. ಅಡಗೋಕೆ ಜಾಗವೇ ಇಲ್ಲ. ಟ್ಯಾಂಕುಗಳು ತಪ್ಪಿಸಿಕೊಳ್ಳಲು ಸುತ್ತಿ ಸುತ್ತಿ ಓಡಿದ ಗುರುತು ಮರಳಿನ ಮೇಲೆ ರಂಗೋಲಿ ಥರ ಬಿದ್ದಿರುವ ಫೋಟೋ ಇವತ್ತಿಗೂ ಇದೆ. ಮೇಲಿಂದ ಗುರಿ ತೋರಿಸುತ್ತಾ ನಿಧಾನವಾಗಿ ಸುತ್ತುತ್ತಿದ್ದ ಪುಟ್ಟ ವಿಮಾನ ಕೃಷಕ್, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಪೈಲಟ್ ಮೇಜರ್ ಆತ್ಮಾ ಸಿಂಗ್. ಮೊರ್ತೇನ್‌ನಲ್ಲಿ ಇಲ್ಲದ್ದು ಇದೇ: ಬಯಲು, ಮತ್ತು ಮೇಲೆ ನಿಧಾನವಾಗಿ ನೋಡುವ ಒಂದು ಕಣ್ಣು. ಹಾಗಿದ್ದೂ ಆ ದಿನದ ಶ್ರೇಯಸ್ಸು ರಾತ್ರಿಯಿಡೀ ಜಗ್ಗದೆ ನಿಂತ 23 ಪಂಜಾಬ್‌ನ ಕಂಪನಿಗೋ, ವಾಯುಪಡೆಗೋ ಅನ್ನುವ ವಾದ ಎಷ್ಟೋ ವರ್ಷ ನಡೆಯಿತು.

ಆ ವೀಕ್ಷಕರಿಗೆ ಉತ್ತರ ಬರೆದೆ: ಪೈಲಟ್‌ಗೆ ಗೊತ್ತಾಗಲ್ಲ ಸಾರ್, ಆಮೇಲೆ ನಡೆದುಕೊಂಡು ಹೋದವರಿಗೆ ಗೊತ್ತಾಗುತ್ತೆ. ಅವರಿಂದ ತಕ್ಷಣ ಮರುಪ್ರಶ್ನೆ ಬಂತು. "ಮತ್ತೆ ನೀವು ಅವತ್ತು ರಾತ್ರಿ ಹೇಳಿದ ನಂಬರ್, ಯಾರು ನಡೆದುಕೊಂಡು ಹೋಗಿ ಎಣಿಸಿದ್ದು?"